ಉಡುಪಿಯಲ್ಲಿ ನಮ್ಮ ಮದುವೆ ನಾವೇ ಮಾಡಿಕೊಂಡೆವು: ಹಾಲ್‌ಗೆ ಎರಡು ಸ್ಟಾರ್, ಅಡಿಗೆ ಭಟ್ರಿಗೆ ಐದಕ್ಕೆ ಐದು

ಡಿಸೆಂಬರ್ ಮೊದಲ ವಾರ ಉಡುಪಿಯಲ್ಲಿ ನಮ್ಮ ಮದುವೆ ಆಯಿತು. ಅಪ್ಪ ತೀರಿಕೊಂಡು ಆರು ವರ್ಷ, ತಮ್ಮ ಇನ್ನೂ ಓದುತ್ತಿದ್ದಾನೆ, ಸೋದರಮಾವ ಇರುವುದು ದುಬೈಯಲ್ಲಿ. ಹಾಗಾಗಿ ಹಾಲ್ ನೋಡುವುದರಿಂದ ಹಿಡಿದು ಕೊನೆಯ ಬಿಲ್ ಚುಕ್ತಾ ಮಾಡುವ ತನಕ ನಾವಿಬ್ಬರೇ, ಅಂದರೆ ಮದುವೆಯಾಗುವ ಹುಡುಗ ಹುಡುಗಿಯೇ, ಓಡಾಡಿದ್ದು. ನನಗೆ ಮಣಿಪಾಲದಲ್ಲಿ ಕೆಲಸ, ನಮ್ಮವರು ಸುರತ್ಕಲ್ ಕಡೆಯವರು. ನಾಲ್ಕು ತಿಂಗಳು ಒಂದು ಭಾನುವಾರವೂ ಮನೆಯಲ್ಲಿ ಕೂತದ್ದಿಲ್ಲ. ಮದುವೆ ಮುಗಿದ ಮೇಲೆ ಮೂರ್ನಾಲ್ಕು ಗೆಳತಿಯರು ಫೋನ್ ಮಾಡಿ ಹಾಲ್ ಯಾವುದು, ಅಡಿಗೆ ಯಾರದ್ದು, ಎಷ್ಟಾಯಿತು ಎಂದು ಕೇಳಿದರು. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿಯೇ ಬರೆಯುತ್ತಿದ್ದೇನೆ.

ಹಾಲ್‌ನ ಹೆಸರು ಹಾಕುವುದಿಲ್ಲ. ಭಟ್ರ ಹೆಸರೂ ಹಾಕುವುದಿಲ್ಲ, ಬೇಡ ಎಂದು ಅವರೇ ಹೇಳಿದ್ದಾರೆ, ದಿನಕ್ಕೆ ಒಂದೇ ಕಾರ್ಯಕ್ರಮ ಹಿಡಿಯುವವರು, ಸುಮ್ನೆ ಫೋನ್ ಜಾಸ್ತಿ ಆಗುತ್ತದೆ ಅಂತ. ಆದರೆ ಅವರು ಕೆಲಸ ಮಾಡಿದ ರೀತಿ ಬರೆದರೆ, ನೀವು ಯಾರನ್ನು ಹಿಡಿದರೂ ಏನೇನು ಕೇಳಬೇಕು ಎಂದು ಗೊತ್ತಾಗುತ್ತದೆ.

ನಾವು ಮಾಡಿದ ದೊಡ್ಡ ತಪ್ಪು ಅಂದರೆ ಮೊದಲು ಹಾಲ್ ಬುಕ್ ಮಾಡಿದ್ದು. ಎಲ್ಲರೂ ಹಾಗೆಯೇ ಮಾಡುತ್ತಾರೆ ಅಲ್ವಾ? ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಮದುವೆ ಇಲ್ಲ, ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ ಶುರುವಾದರೆ ಮತ್ತೆ ಒಂದು ತಿಂಗಳು ಇಲ್ಲ, ಜೋಯಿಸರು ಕೊಟ್ಟದ್ದು ಮೂರು ದಿನ, ಅದರಲ್ಲಿ ಎರಡು ದಿನ ಊರಿನ ಹಾಲ್‌ಗಳೆಲ್ಲ ಭರ್ತಿ. ಗಡಿಬಿಡಿಯಲ್ಲಿ ಹೈವೇ ಹತ್ತಿರದ ಒಂದು ಹಾಲ್‌ಗೆ ಹೋಗಿ ಅಡ್ವಾನ್ಸ್ ಕೊಟ್ಟು ಬಂದೆವು. ಬಾಡಿಗೆ 90,000 ಎಂದಿದ್ದರು. ಎಸಿ ಇದೆ, ಪಾರ್ಕಿಂಗ್ ದೊಡ್ಡದು, ವೇದಿಕೆ ಚೆನ್ನಾಗಿದೆ. ಅಷ್ಟೇ ನೋಡಿದ್ದು ನಾವು. ಅಡಿಗೆಮನೆ ಒಳಗೆ ಹೋಗಿ ನೋಡಲೇ ಇಲ್ಲ.

ಅಡ್ವಾನ್ಸ್ ಕೊಟ್ಟ ಮೇಲೆ ಒಂದೊಂದೇ ಹೊರಗೆ ಬಂತು. ಬಾಡಿಗೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಅದೇ 16,200. ಕ್ಲೀನಿಂಗ್ 6,000, ಪಾತ್ರೆ ಬಾಡಿಗೆ 8,000, ಜನರೇಟರ್ ಡೀಸೆಲ್ 4,500. ತೆರಿಗೆ ಕೊಡಬೇಕಾದದ್ದೇ, ಅದರಲ್ಲಿ ತಕರಾರು ಇಲ್ಲ. ಆದರೆ ಮೊದಲ ದಿನವೇ ಹೇಳಬಹುದಿತ್ತು. 90,000 ಎಂದು ಪುಸ್ತಕದಲ್ಲಿ ಬರೆದುಕೊಂಡು ಬಂದವರು 1,24,700 ಕೊಟ್ಟೆವು. ನೀವು ಹಾಲ್‌ಗೆ ಹೋದರೆ "ಎಲ್ಲ ಸೇರಿ ಎಷ್ಟು, ಬರೆದು ಕೊಡಿ" ಎಂದು ಕೇಳಿ. ಇನ್ನೊಂದು ಮಾತು ಕೂಡ ಕೇಳಬೇಕು, ಅದನ್ನು ಆಮೇಲೆ ಹೇಳುತ್ತೇನೆ.

ಅಡಿಗೆಗೆ ಮೊದಲು ಹೋದದ್ದು ಒಂದು ದೊಡ್ಡ ಕ್ಯಾಟರಿಂಗ್‌ನವರ ಆಫೀಸಿಗೆ. ಅವರು ಮೆನು ಕಾರ್ಡ್ ಕೊಟ್ಟರು, ಗೋಲ್ಡ್, ಡೈಮಂಡ್, ಪ್ಲಾಟಿನಂ. ಕನಿಷ್ಠ 700 ಎಲೆಗೆ ದುಡ್ಡು ಕೊಡಲೇಬೇಕು, ಜನ 500 ಬಂದರೂ 700ರದ್ದೇ ಬಿಲ್. ನಮ್ಮ ಪಟ್ಟಿಯನ್ನು ಅವರು ನೋಡಲಿಲ್ಲ, ಯಾವ ವಾರ ಮದುವೆ ಎಂದೂ ಕೇಳಲಿಲ್ಲ. ಹೊರಗೆ ಬಂದಾಗ ಇಬ್ಬರಿಗೂ ಮಾತು ಬರಲಿಲ್ಲ. ನನ್ನ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರು ಹೇಳಿದರು, "ಬ್ರಹ್ಮಾವರದ ಹತ್ತಿರ ಒಬ್ಬರು ಭಟ್ರು ಉಂಟು ಮಾರಾಯ್ತಿ, ನಿನ್ನ ಅಕ್ಕನ ಮದುವೆ ಅವರೇ ಮಾಡಿದ್ದು. ಬೋರ್ಡ್ ಇಲ್ಲ, ಮನೆಗೇ ಹೋಗ್ಬೇಕು."

ಹೋದೆವು. ಭಟ್ರಿಗೆ ಅರವತ್ತು ದಾಟಿರಬಹುದು. ಜಗಲಿಯಲ್ಲಿ ಕೂರಿಸಿ, ಬೆಲ್ಲ ನೀರು ಕೊಟ್ಟು, ಮೊದಲು ಕೇಳಿದ್ದು, "ಮದುವೆ ಯಾರದ್ದು ಮಗಾ?" ನಮ್ಮದೇ ಎಂದೆ. "ಹಿರಿಯರು ಯಾರೂ ಬರಲಿಲ್ವಾ?" ಅಪ್ಪ ಇಲ್ಲ ಎಂದೆ. ಅವರು ಅದಕ್ಕೆ ಏನೂ ಹೇಳಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಹತ್ತಿರ ಕೂತರು. "ಸರಿ, ಹಾಗಾದ್ರೆ ನಾನು ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳ್ಬೇಕು ಆಯ್ತಾ" ಎಂದರು.

ಜನ ಎಷ್ಟು ಎಂದು ಅವರು ಕೇಳಲೇ ಇಲ್ಲ. ಎಷ್ಟು ಮನೆಗೆ ಹೇಳಿಕೆ, ಅಂದರೆ ಆಮಂತ್ರಣ, ಎಂದು ಕೇಳಿದರು. ಅದರಲ್ಲಿ ನಡೆದು ಬರುವಷ್ಟು ಹತ್ತಿರದ ಮನೆ ಎಷ್ಟು, ಮಂಗಳೂರಿನಿಂದ ಬರುವವರು ಎಷ್ಟು, ಬೆಂಗಳೂರಿನವರು ಎಷ್ಟು, ಆಫೀಸಿನವರು ಎಷ್ಟು, ವಾಟ್ಸಾಪ್‌ನಲ್ಲಿ ಮಾತ್ರ ಹೇಳಿದ್ದು ಎಷ್ಟು. ಹತ್ತಿರದ ಮನೆಯಿಂದ ಎಲ್ಲರೂ ಬರುತ್ತಾರೆ, ಅಜ್ಜಿ ಮೊಮ್ಮಕ್ಕಳು ಸೇರಿ. ಮಂಗಳೂರಿನಿಂದ ಮನೆಗೆ ಇಬ್ಬರು. ಬೆಂಗಳೂರಿನವರು ತೀರಾ ಹತ್ತಿರದ ಸಂಬಂಧ ಇದ್ದರೆ ಮಾತ್ರ. ಆಮೇಲೆ ಪಂಚಾಂಗ ತೆಗೆದು ಆ ದಿನ ನೋಡಿದರು. ನಮ್ಮ ಕಡೆ ಒಳ್ಳೆಯ ಮುಹೂರ್ತ ಇರುವ ದಿನ ಒಬ್ಬರಿಗೆ ಮೂರು ಮದುವೆ ಇರುತ್ತದೆ, ಎರಡು ಕಡೆ ಮುಖ ತೋರಿಸಿ ಕವರ್ ಕೊಟ್ಟು ಮೂರನೆಯ ಕಡೆ ಊಟ ಮಾಡುತ್ತಾರೆ. ಆ ಲೆಕ್ಕವನ್ನೂ ಕಳೆದರು. ನಾವು ಮನಸ್ಸಿನಲ್ಲಿ ಇಟ್ಟುಕೊಂಡು ಹೋದದ್ದು 750. ಅವರು ಬರೆದದ್ದು 560.

ನನಗೆ ಹೆದರಿಕೆ ಆಯಿತು. ಊಟ ಸಾಲದೆ ಹೋದರೆ? ಮದುವೆಯಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇಲ್ಲ, ಹತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ. ಅದಕ್ಕೆ ಅವರು ಹೇಳಿದ್ದನ್ನು ಕೇಳಿ. ಪಲ್ಯ, ಕೋಸಂಬರಿ, ಹೋಳಿಗೆ ಎಲ್ಲ 600ಕ್ಕೆ ಮಾಡಿ ಇಟ್ಟುಕೊಳ್ಳುತ್ತಾರೆ. ಅನ್ನ ಮಾತ್ರ ಒಟ್ಟಿಗೆ ಬೇಯಿಸುವುದಿಲ್ಲ. ಮೊದಲ ಕೊಪ್ಪರಿಗೆ ಇಳಿಸಿ, ಎರಡನೆಯದಕ್ಕೆ ನೀರು ಕಾಯಿಸಿ ಇಟ್ಟು, ಧಾರೆಯ ಹೊತ್ತಿಗೆ ಒಬ್ಬ ಹುಡುಗನನ್ನು ಹಾಲ್‌ಗೆ ಕಳಿಸಿ ಕುರ್ಚಿ ಸಾಲು ಎಣಿಸುತ್ತಾರೆ. ಜನ ಜಾಸ್ತಿ ಕಂಡರೆ ಆಗ ಅಕ್ಕಿ ಹಾಕುವುದು. ಬೆಳ್ತಿಗೆ (ಬಿಳಿ ಅಕ್ಕಿ) ಅನ್ನ ಬೇಗ ಬೇಯುತ್ತದೆ, ಎರಡನೇ ಪಂಕ್ತಿ ಏಳುವಷ್ಟರಲ್ಲಿ ರೆಡಿ. ಸಾರು, ಸಾಂಬಾರಿಗೆ ಅರೆದ ಮಸಾಲೆ ಸ್ವಲ್ಪ ತೆಗೆದಿಟ್ಟಿರುತ್ತಾರೆ. ಇಷ್ಟು ಕೇಳಿದ ಮೇಲೆ ನನಗೆ ಧೈರ್ಯ ಬಂತು.

ರೇಟಿನ ಮಾತು. ಮೊದಲೆಲ್ಲ ಸಾಮಾನಿನ ಪಟ್ಟಿ ಕೊಡುತ್ತಿದ್ದರು, ಮದುವೆ ಮನೆಯವರು ಪೇಟೆಯಿಂದ ತಂದು ಹಾಕಬೇಕಿತ್ತು, ಅಡಿಗೆಯವರಿಗೆ ಕೂಲಿ ಮಾತ್ರ. ಈಗಲೂ ಬೇಕಾದರೆ ಹಾಗೆ ಮಾಡುತ್ತಾರೆ. ನಮಗೆ ಸಾಮಾನು ತರುವವರು ಇಲ್ಲದ್ದರಿಂದ ಎಲೆ ಲೆಕ್ಕಕ್ಕೆ ಹೋದೆವು. ಎಲೆಗೆ 265 ಎಂದರು. ತೆಂಗಿನಕಾಯಿ ಮನೆಯದ್ದು ಉಂಟಾ ಎಂದು ಕೇಳಿದರು, ಉಂಟು ಎಂದೆ. "220 ಕಾಯಿ ಕೊಡಿ, ಎಲೆಗೆ 15 ಕಡಿಮೆ ಮಾಡುವ." ಹಾಗೆ 250ಕ್ಕೆ ನಿಂತಿತು. ಇದನ್ನು ಅವರೇ ಕೇಳಿದ್ದು, ನಾನು ಕೇಳಿದ್ದಲ್ಲ. ಮನೆಯ ಕಾಯಿ ಮದುವೆಗೆ ಹೋಯಿತು ಎಂದು ಅಮ್ಮನಿಗೆ ಆದ ಖುಷಿ ನೋಡಬೇಕಿತ್ತು, ಆ ಮರಗಳನ್ನು ನೆಟ್ಟದ್ದು ಅಪ್ಪ.

ಮೆನುವಿನಲ್ಲಿ ನಾನು ಗೋಬಿ ಮಂಚೂರಿ, ಎರಡು ಬಗೆಯ ಐಸ್‌ಕ್ರೀಮ್, ನಾಲ್ಕು ಸಿಹಿ ಎಂದೆಲ್ಲ ಬರೆದುಕೊಂಡು ಹೋಗಿದ್ದೆ. ಅವರು ಬೇಡ ಎನ್ನಲಿಲ್ಲ. ನಾಲ್ಕು ಸಿಹಿ ಹಾಕಿದರೆ ಒಂದನ್ನೂ ಸರಿಯಾಗಿ ತಿನ್ನುವುದಿಲ್ಲ, ಎಲೆಯಲ್ಲೇ ಬಿಡುತ್ತಾರೆ ಎಂದರು. ಕೊನೆಗೆ ಹೋಳಿಗೆ ಮತ್ತು ಕಾಯಿಹಾಲು, ಒಂದು ಲಾಡು, ಕಡ್ಲೆಬೇಳೆ ಪಾಯಸ. ಕೋಸಂಬರಿ, ಎರಡು ಪಲ್ಯ, ಅನಾನಸ್ ಮೆಣಸ್ಕಾಯಿ, ಕಡ್ಲೆ ಗಸಿ, ಬಿಸ್ಕುಟಂಬಡೆ, ಸಾರು, ಸಾಂಬಾರು, ಮಜ್ಜಿಗೆ. ಸಾಂಬಾರಿಗೆ ಮಟ್ಟುಗುಳ್ಳ, ಅಂದರೆ ನಮ್ಮ ಕಡೆಯ ಬದನೆ. ಹೊಸ ಬೆಳೆ ಆಗಷ್ಟೇ ಪೇಟೆಗೆ ಬರಲು ಶುರುವಾಗಿತ್ತು, ರೇಟು ಸ್ವಲ್ಪ ಮೇಲಿತ್ತು, ಆದರೂ ಅವರು ಹೇಳಿದ ರೇಟಿಗೇ ಹಾಕಿದರು. ಕಟಪಾಡಿ ಹತ್ತಿರದ ಮಟ್ಟು ಊರಿನ ಈ ಗುಳ್ಳಕ್ಕೆ 2011ರಲ್ಲಿ, ಇದು ಆ ಊರಿನದ್ದೇ ಎಂಬ ಗುರುತಾದ ಜಿಐ ಟ್ಯಾಗ್ ಸಿಕ್ಕಿದೆ. ಹೋಳು ಹಾಗೆಯೇ ಇರುತ್ತದೆ, ಬಾಯಿಗೆ ಹಾಕಿದರೆ ಬೆಣ್ಣೆ. ಬೆಂಗಳೂರಿನಿಂದ ಬಂದ ನನ್ನ ಮ್ಯಾನೇಜರ್ ಎರಡು ಸಲ ಹಾಕಿಸಿಕೊಂಡು, ಇದು ಬದನೆಯಾ ಎಂದು ಕೇಳಿದರು.

ಬಫೆ ವಿಷಯದಲ್ಲಿ ಹಾಲ್‌ನವರು ತುಂಬಾ ಒತ್ತಾಯ ಮಾಡಿದರು, ಈಗ ಎಲ್ಲರೂ ಬಫೆಯೇ ಮಾಡುವುದು, ಬೇಗ ಮುಗಿಯುತ್ತದೆ ಎಂದು. ನಾನು ಒಪ್ಪಲಿಲ್ಲ, ಒಪ್ಪದೇ ಇದ್ದದ್ದು ಒಳ್ಳೆಯದೇ ಆಯಿತು. ನಮ್ಮದು 12.15ರ ಅಭಿಜಿನ್ ಮುಹೂರ್ತ. ಧಾರೆ ಮುಗಿದು ಅಕ್ಷತೆ ಬಿದ್ದದ್ದೇ ಎಲ್ಲರೂ ಒಟ್ಟಿಗೆ ಊಟಕ್ಕೆ ಏಳುತ್ತಾರೆ. ಆಗ ಬಫೆ ಆದರೆ ಮುದುಕರು ತಟ್ಟೆ ಹಿಡಿದು ಕ್ಯೂನಲ್ಲಿ ನಿಲ್ಲಬೇಕು. ಟೇಬಲ್ ಮೇಲೆ ಪೇಪರ್ ಹಾಸಿ, ತುದಿ ಎಡಕ್ಕೆ ಬರುವ ಹಾಗೆ ಎಲೆ ಹಾಕಿ, ಕೂರಿಸಿ ಬಡಿಸಿದರೆ ಅವರಿಗೆ ಎಷ್ಟು ಸಮಾಧಾನ. ಒಂದು ಪಂಕ್ತಿಗೆ 180 ಜನ, ನಾಲ್ಕು ಪಂಕ್ತಿ. ಬಡಿಸುವ ಹುಡುಗರು ಹೋಳಿಗೆ ಹಾಕಿ ಓಡುವುದಿಲ್ಲ, ನಿಂತು "ಇನ್ನೊಂದು?" ಎಂದು ಕೇಳುತ್ತಾರೆ.

ಕೊರತೆ ಇಲ್ಲ ಎಂದೇನಲ್ಲ. ಮೊದಲ ಪಂಕ್ತಿಯಲ್ಲಿ ಗಡಿಬಿಡಿ ಜಾಸ್ತಿಯಾಗಿ ಮಜ್ಜಿಗೆ ಒಂದು ಸಾಲಿಗೆ ಬರಲೇ ಇಲ್ಲವಂತೆ, ನಮ್ಮ ಅತ್ತೆಯ ತಂಗಿ ಹೇಳಿದರು. ಕೊನೆಯ ಪಂಕ್ತಿಗೆ ಕಾಯಿಹಾಲು ಮುಗಿದು ಹೋಳಿಗೆಗೆ ತುಪ್ಪ ಹಾಕಿದರು. ಭಟ್ರು ಫೋನ್ ಎತ್ತುವುದು ಬಹಳ ಕಷ್ಟ, ವಾಟ್ಸಾಪ್ ನೋಡುವುದಿಲ್ಲ, ಏನಾದರೂ ಬದಲಾವಣೆ ಇದ್ದರೆ ಮನೆಗೇ ಹೋಗಬೇಕು. ಬರೆದು ಕೊಡುವ ಪದ್ಧತಿಯೂ ಇರಲಿಲ್ಲ, ನಾನು ಕೇಳಿದ ಮೇಲೆ ಮಗನ ಕೈಯಿಂದ ಬರೆಸಿ ಕೊಟ್ಟರು. ಮತ್ತೆ, ಅವರದ್ದು ಸಸ್ಯಾಹಾರ ಮಾತ್ರ. ಮದರಂಗಿ ರಾತ್ರಿಯ ಕೋಳಿ ಸುಕ್ಕ, ನೀರುದೋಸೆ ನಮ್ಮ ಅಂಗಳದಲ್ಲೇ ನೆರೆಕರೆಯವರು ಸೇರಿ ಮಾಡಿದ್ದು. ಡಿಜೆ ಇಡಲಿಲ್ಲ. ಹೇಗೂ ರಾತ್ರಿ 10ಕ್ಕೆ ಮೈಕ್ ನಿಲ್ಲಿಸಬೇಕೆಂಬುದು ಕಾನೂನು, ಆ ದುಡ್ಡಿಗೆ ಮಲ್ಲಿಗೆ ತಂದೆವು.

ಮಲ್ಲಿಗೆ ಬಗ್ಗೆ ಎರಡು ಮಾತು ಹೇಳದಿದ್ದರೆ ಆಗುವುದಿಲ್ಲ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ, ಶಂಕರಪುರ ಮಲ್ಲಿಗೆಯನ್ನು ಮೊಳ ಲೆಕ್ಕದಲ್ಲಿ ಮಾರುವುದಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಬಾಳೆ ನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಕೊಡುತ್ತಾರೆ. ರೇಟು ದಿನ ದಿನಕ್ಕೆ ಬೇರೆ. ಮದುವೆ ಸೀಸನ್, ಚಳಿಗೆ ಹೂವು ಕಡಿಮೆ, ನಾವು ತೆಗೆದ ದಿನ ಅಟ್ಟೆಗೆ 2,100 ಇತ್ತು. ಬರುವ ಹೆಂಗಸರಿಗೆಲ್ಲ ಮಲ್ಲಿಗೆಯೇ ಕೊಡಬೇಕೆಂದು ನನ್ನ ಆಸೆ. ರಥಬೀದಿಯಲ್ಲಿ ಹೂವು ಮಾರುವ ಅಕ್ಕ ನನ್ನ ಲೆಕ್ಕ ಕೇಳಿ, "ಅಷ್ಟು ಬೇಡ ತಂಗಿ, ನಿನ್ನ ಜಡೆಗೆ, ಅಮ್ಮಂದಿರಿಗೆ, ಹತ್ತಿರದವರಿಗೆ ಮಲ್ಲಿಗೆ ತಗೋ, ಬಾಕಿಯವರಿಗೆ ಅಬ್ಬಲಿಗೆ ಮತ್ತು ಸ್ವಲ್ಪ ಜಾಜಿ ಸೇರಿಸಿ ಕಟ್ಟಿ ಕೊಡ್ತೇನೆ" ಎಂದರು. ಮೂರು ಅಟ್ಟೆಯಲ್ಲಿ ಮುಗಿಯಿತು. ಬೆಳಿಗ್ಗೆ ಆರಕ್ಕೆ ಹಾಲ್‌ಗೇ ತಲುಪಿಸಿದರು, ಸಂಜೆಯ ತನಕ ಬಾಡಲಿಲ್ಲ. ಇವರಿಗೂ ಐದು ಸ್ಟಾರ್.

ವೇದಿಕೆ ಅಲಂಕಾರದವರು ಪೂರ್ತಿ ಅಸಲಿ ಹೂವು ಎಂದು ಹೇಳಿ, ಹಿಂದಿನ ಸಾಲಿಗೆಲ್ಲ ಪ್ಲಾಸ್ಟಿಕ್ ಹಾಕಿದ್ದರು. ಕೇಳಿದರೆ ಫೋಟೋದಲ್ಲಿ ಕಾಣುವುದಿಲ್ಲ ಎಂದರು. ನನಗೆ ಬೇಜಾರಾಯಿತು, ಬಾಕಿ ಕೊಡುವಾಗ ದುಡ್ಡು ಕಡಿಮೆ ಮಾಡಿಸಿದೆ. ಫೋಟೋದವರು ಪರವಾಗಿಲ್ಲ. ಮದುವೆ ಕಾಗದ ಮಾತ್ರ ವಾಟ್ಸಾಪ್ ಸಾಕು ಎಂದು ಬಿಡಬೇಡಿ, ಸ್ವಲ್ಪ ಆದರೂ ಪ್ರಿಂಟ್ ಮಾಡಿಸಿ, ಹೆಸರು ಆಧಾರ್‌ನಲ್ಲಿ ಇರುವ ಹಾಗೆಯೇ ಇರಲಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡುವಾಗ ಕಾಗದವೂ ಬೇಕು, ಮದುವೆಯ ಫೋಟೋವೂ ಬೇಕು.

ಈಗ ಹಾಲ್‌ಗೆ ಯಾಕೆ ಎರಡೇ ಸ್ಟಾರ್ ಎಂದು ಹೇಳುತ್ತೇನೆ. ಅಡಿಗೆಮನೆ ಕೆಳಗೆ, ಊಟದ ಹಾಲ್ ಮೇಲೆ. ಭಟ್ರಿಗೆ ಇದು ಮೊದಲೇ ಗೊತ್ತಿತ್ತು. "ಬುಕ್ ಮಾಡುವ ಮೊದಲು ನನ್ನನ್ನು ಕೇಳಿದ್ರೆ ಅಲ್ಲಿ ಬೇಡ ಅಂತಿದ್ದೆ ಮಗಾ, ಸಾಂಬಾರಿನ ಬಕೆಟ್ ಹಿಡ್ಕೊಂಡು ಹದಿನೆಂಟು ಮೆಟ್ಟಿಲು ಹತ್ತಬೇಕು" ಎಂದಿದ್ದರು. ಅದಕ್ಕಾಗಿಯೇ ಬಡಿಸಲು ಎರಡು ಜನ ಜಾಸ್ತಿ ಕರೆತಂದರು, ನಮ್ಮ ಹತ್ತಿರ ಅದಕ್ಕೆ ಕೇಳಲಿಲ್ಲ. ಯಾವ ಹಾಲ್‌ನಲ್ಲಿ ನೀರು ಸರಿ ಇಲ್ಲ, ಎಲ್ಲಿ ಹೊಗೆ ಹೊರಗೆ ಹೋಗುವುದಿಲ್ಲ, ಎಲ್ಲಿ ಕೈ ತೊಳೆಯುವ ಜಾಗ ಸಣ್ಣದು, ಎಲ್ಲ ಅಡಿಗೆಯವರಿಗೆ ಗೊತ್ತಿರುತ್ತದೆ. ಅದಕ್ಕೇ ಹೇಳುವುದು, ಮೊದಲು ಅಡಿಗೆಯವರನ್ನು ಗೊತ್ತು ಮಾಡಿ, ಅವರು ಹೇಳಿದ ಎರಡು ಮೂರು ಹಾಲ್‌ಗಳಲ್ಲಿ ಒಂದನ್ನು ಹಿಡಿಯಿರಿ.

ದೊಡ್ಡ ಬೇಜಾರು ಆದದ್ದು ಮೂರು ಗಂಟೆಗೆ. ಕೊನೆಯ ಪಂಕ್ತಿ ಕೂತಿತ್ತು. ಕೊನೆಯ ಪಂಕ್ತಿ ಅಂದರೆ ಯಾರು? ಬೆಳಿಗ್ಗೆಯಿಂದ ನಿಂತವರು. ನನ್ನ ಅಮ್ಮ, ದೊಡ್ಡಮ್ಮ, ಪಾರ್ಕಿಂಗ್ ನೋಡಿಕೊಂಡ ತಮ್ಮನ ಗೆಳೆಯರು, ವಾದ್ಯದವರು, ಫೋಟೋದವರು, ಕಾರಿನ ಡ್ರೈವರ್‌ಗಳು. ಅಷ್ಟರಲ್ಲಿ ಹಾಲ್‌ನ ಮನುಷ್ಯ ಬಂದು ಎಸಿ, ಫ್ಯಾನ್ ಆಫ್ ಮಾಡಿ, ಟೈಮ್ ಆಯಿತು, ಸಂಜೆ ಇನ್ನೊಂದು ಪಾರ್ಟಿ ಇದೆ, ಟೇಬಲ್ ತೆಗೆಯಬೇಕು ಎಂದ. ಸಂಜೆಗೆ ಬೇರೆಯವರಿಗೆ ಕೊಟ್ಟಿದ್ದಾರೆ ಎಂದು ನಮಗೆ ಯಾರೂ ಹೇಳಿರಲಿಲ್ಲ, ಬಾಡಿಗೆ ಪೂರ್ತಿ ದಿನದ್ದೇ ತೆಗೆದುಕೊಂಡಿದ್ದರು. ಆ ಕಡೆ ತುದಿಯಿಂದ ಕುರ್ಚಿ ಮಡಚುವ ಶಬ್ದ. ಅಮ್ಮ ಕಲಸಿದ ಅನ್ನ ಹಾಗೇ ಬಿಟ್ಟು ಏಳಲು ಹೊರಟಳು.

ನಾನು ಮದುವೆ ಸೀರೆಯಲ್ಲಿ, ಹಾರ ಹಾಕಿಕೊಂಡು, ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ. ಭಟ್ರು ಕೆಳಗಿನಿಂದ ಬಂದರು. ಜೋರು ಮಾಡಲಿಲ್ಲ. ಆ ಮನುಷ್ಯನ ಹೆಗಲ ಮೇಲೆ ಕೈ ಇಟ್ಟು, "ಎಲೆ ಮುಂದೆ ಕೂತವರನ್ನು ಏಳಿಸುವ ಹಾಗಿಲ್ಲ ಮಾರಾಯ. ಇವರು ಉಂಡು ಎದ್ದ ಮೇಲೆ ನನ್ನ ಹುಡುಗರೇ ನಿನ್ನ ಟೇಬಲ್ ತೆಗೆದು ಕೊಡ್ತಾರೆ" ಎಂದರು. ಆಮೇಲೆ ಫ್ಯಾನ್ ಸ್ವಿಚ್ ಅವರೇ ಹಾಕಿದರು. ಅಮ್ಮನ ಎಲೆಯ ಹತ್ತಿರ ಬಂದು, "ಕೂತ್ಕೊಳ್ಳಿ ಅಮ್ಮ, ಪಾಯಸ ಇನ್ನೂ ಆಗಿಲ್ಲ" ಎಂದು ತಾವೇ ಬಡಿಸಿದರು. ಅಪ್ಪ ಇದ್ದಿದ್ದರೆ ಅಲ್ಲಿ ನಿಂತು ಏನು ಮಾಡುತ್ತಿದ್ದರೋ ಅದನ್ನು ಅವರು ಮಾಡಿದರು. ಇದಕ್ಕೆ ಎಷ್ಟು ಸ್ಟಾರ್ ಕೊಡಬೇಕು ಎಂದು ನನಗೆ ತಿಳಿಯುವುದಿಲ್ಲ. ನೀವು ಹಾಲ್‌ನವರ ಹತ್ತಿರ ಕೇಳಲೇಬೇಕಾದ ಇನ್ನೊಂದು ಮಾತು ಇದೇ: ಅದೇ ದಿನ ಸಂಜೆ ಬೇರೆ ಬುಕಿಂಗ್ ಇದೆಯಾ, ನಾವು ಎಷ್ಟು ಗಂಟೆಗೆ ಬಿಡಬೇಕು. ಅದೂ ಬರವಣಿಗೆಯಲ್ಲಿ ಇರಲಿ.

ಎಲೆ ಎಣಿಸುವುದು ಹೇಗೆ ಎಂದು ಹಲವರಿಗೆ ಗೊತ್ತಿಲ್ಲ. ಉಂಡ ಎಲೆ ಎಣಿಸುವುದಲ್ಲ, ತಂದದ್ದರಲ್ಲಿ ಉಳಿದದ್ದನ್ನು ಎಣಿಸುವುದು. ಬೆಳಿಗ್ಗೆ ನನ್ನ ತಮ್ಮನನ್ನು ಕರೆದು ಅವನ ಎದುರೇ 650 ಎಲೆ ಎಣಿಸಿ ಇಟ್ಟಿದ್ದರು, ಹರಿದ ಎಲೆ ಬೇರೆ. ಸಂಜೆ ಮತ್ತೆ ಅವನನ್ನೇ ಕರೆದು ಬಾಕಿ ಎಣಿಸಿದರು, 70 ಉಳಿದಿತ್ತು. 580ಕ್ಕೆ 1,45,000 ಆಯಿತು, ಬೆಳಗಿನ ಇಡ್ಲಿ, ಸಜ್ಜಿಗೆ ಅವಲಕ್ಕಿಯದ್ದು ಬೇರೆ. ಕೊಟ್ಟು ಕಳಿಸಿದೆವು. ಎರಡು ದಿನ ಕಳೆದು ಅವರ ಮಗ ಫೋನ್ ಮಾಡಿದ. ತಮ್ಮ ಹುಡುಗರು ಆರು ಎಲೆಯನ್ನು ಬಡಿಸುವ ಮೊದಲು ನೆಲಕ್ಕೆ ಬೀಳಿಸಿ ಬಿಸಾಡಿದ್ದರಂತೆ, ಅದು ನಮ್ಮ ಲೆಕ್ಕಕ್ಕೆ ಬಂದಿದೆ, ಅಪ್ಪ 1,500 ವಾಪಸ್ ಹಾಕಲು ಹೇಳಿದ್ದಾರೆ, ಯುಪಿಐ ನಂಬರ್ ಕೊಡಿ ಅಕ್ಕ ಎಂದ. ಬೇಡ ಎಂದರೂ ಕೇಳಲಿಲ್ಲ, ಹಾಕಿಯೇ ಬಿಟ್ಟ.

ನಂಬರ್ ಬೇಕಾದವರು ನನಗೆ ಮೆಸೇಜ್ ಮಾಡಿ, ದಿನ ಮತ್ತು ಊರು ಬರೆಯಿರಿ, ಭಟ್ರನ್ನು ಕೇಳಿ ಕೊಡುತ್ತೇನೆ. ಏಪ್ರಿಲ್ ಪೂರ್ತಿ ಆಗಿದೆಯಂತೆ, ಮೇ ತಿಂಗಳಲ್ಲಿ ಎರಡೋ ಮೂರೋ ದಿನ ಖಾಲಿ ಉಂಟು ಎಂದರು. ಹೋಗುವುದಾದರೆ ಸಂಜೆ ಐದರ ಮೇಲೆ ಹೋಗಿ, ಮತ್ತೆ ಹೇಳಿಕೆಯ ಪಟ್ಟಿ ಮನೆ ಲೆಕ್ಕದಲ್ಲಿ ಬರೆದುಕೊಂಡು ಹೋಗಿ.